ಮಿಡ್‌ಸೆಂಚುರಿ ಶೈಲಿಯ ಬೆಚ್ಚನೆಯ ಫ್ಲ್ಯಾಟ್: ಯಾವ ದಾರಿ ಯಾರಿಗೆ?

ಈ ಶೈಲಿಯಲ್ಲಿ ಮನೆ ಮಾಡಿಕೊಳ್ಳಬೇಕು ಅಂತ ಹೊರಟವರು ಹೆಚ್ಚಾಗಿ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಫೋನಿನಲ್ಲಿ ನೂರಾರು ಫೋಟೊ ಸೇವ್ ಆಗಿರುತ್ತವೆ. ಒಂದರಲ್ಲಿ ಕಪ್ಪು ಚರ್ಮದ ದೊಡ್ಡ ಕುರ್ಚಿ, ಇನ್ನೊಂದರಲ್ಲಿ ತೇಗದ ಉದ್ದನೆಯ ಕಪಾಟು, ಮತ್ತೊಂದರಲ್ಲಿ ಬೆತ್ತದ ಹೆಣಿಗೆ, ಮಗದೊಂದರಲ್ಲಿ ಬಿಳಿಯ ದುಂಡು ಮೇಜು. ಎಲ್ಲವೂ ಚೆಂದ. ಆದರೆ ಅಷ್ಟನ್ನೂ ಒಂದೇ ಹಾಲ್‌ಗೆ ತಂದು ತುಂಬಿದರೆ ಅಂಗಡಿಯ ಗೋಡೌನ್ ಥರ ಕಾಣುತ್ತದೆ, ಆರಾಮಾಗಿ ಕೂರೋದಕ್ಕೆ ಮಾತ್ರ ಒಂದೂ ಜಾಗ ಇರುವುದಿಲ್ಲ.

ಮಿಡ್‌ಸೆಂಚುರಿ ಅಂದರೆ ಸುಮಾರಾಗಿ 1945ರಿಂದ 1960ರ ದಶಕದ ಕೊನೆಯವರೆಗಿನ ಕಾಲ. ಆಗ ಅಮೆರಿಕದಲ್ಲಿ ಒಂದು ಥರ ಕೆಲಸ ನಡೆಯುತ್ತಿತ್ತು, ಡೆನ್ಮಾರ್ಕ್ ಮತ್ತು ಸ್ವೀಡನ್‌ನಲ್ಲಿ ಇನ್ನೊಂದು ಥರ, ಹೊಸದಾಗಿ ಕಟ್ಟುತ್ತಿದ್ದ ಚಂಡೀಗಢದಲ್ಲಿ ಬೇರೆಯೇ ಥರ. ಹಾಗಾಗಿ ಈಗ ನಿಮ್ಮ ಮುಂದಿರುವುದು ಒಂದಲ್ಲ, ನಾಲ್ಕೈದು ದಾರಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಹೆಸರಾಂತ ಕುರ್ಚಿ ಕೊನೆಗೆ ಬರಲಿ. ಮನೆ ಬೆಚ್ಚಗೆ ಅನ್ನಿಸುವುದು ದಿನಾ ಕೂರುವ ಜಾಗ, ಸಂಜೆಯ ಬೆಳಕು, ಕೈಗೆ ಕಾಲಿಗೆ ತಾಗುವ ಬಟ್ಟೆ, ಈ ಮೂರರಿಂದ. ಇವು ಸರಿಯಿಲ್ಲದೆ ಎಷ್ಟು ದುಡ್ಡು ಸುರಿದರೂ ಮನೆ ಶೋರೂಮ್ ಆಗಿಯೇ ಉಳಿಯುತ್ತದೆ.

ಆರಿಸುವ ಮುಂಚೆ ಏನೇನು ನೋಡಬೇಕು

ಒಂದು ಸಾಧಾರಣ ದಿನ ನೀವು ಮನೆಯಲ್ಲಿ ಎಲ್ಲೆಲ್ಲಿ, ಎಷ್ಟು ಹೊತ್ತು, ಹೇಗೆ ಕೂರುತ್ತೀರಿ ಅಂತ ಬರೆದಿಡಿ. ರಜೆಯ ದಿನ ಬೇಡ, ಕೆಲಸದ ದಿನವೇ ಆಗಲಿ. ಸೋಫಾದ ಮೇಲೆ ಕಾಲು ಮಡಚಿ ಕೂರುತ್ತೀರಾ? ಮಲಗಿಕೊಂಡೇ ಟಿವಿ ನೋಡುತ್ತೀರಾ? ಊಟದ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ಇಟ್ಟುಕೊಂಡು ಅರ್ಧ ದಿನ ಕಳೆಯುತ್ತೀರಾ? ವಾರಕ್ಕೆರಡು ಸಲ ಆರೇಳು ಜನ ಬರುತ್ತಾರಾ, ಇಲ್ಲಾ ತಿಂಗಳಾದರೂ ಯಾರೂ ಬರುವುದಿಲ್ಲವಾ? ಈ ಒಂದು ಹಾಳೆ ಮುಂದಿನ ಅರ್ಧ ಗೊಂದಲ ಬಗೆಹರಿಸುತ್ತದೆ. ಯಾಕೆಂದರೆ ಆ ಕಾಲದ ಎಷ್ಟೋ ಸೋಫಾಗಳು ತೆಳು ಕುಶನ್ನಿನ, ಗಿಡ್ಡ ಒರಗಿನ, ನೇರ ಕೂತು ಮಾತಾಡುವುದಕ್ಕೆ ಮಾಡಿದವು. ಮಲಗಿ ಸಿನಿಮಾ ನೋಡುವವರಿಗೆ ಅವು ಶಿಕ್ಷೆ.

ಆಮೇಲೆ ಮೈಯ ಲೆಕ್ಕ. ಈ ಶೈಲಿಯ ಲೌಂಜ್ ಕುರ್ಚಿ, ಸೋಫಾಗಳ ಎತ್ತರ ಹೆಚ್ಚಾಗಿ 38–40 ಸೆಂಟಿಮೀಟರ್. ನೋಡೋದಕ್ಕೆ ಸೊಗಸು, ಕೋಣೆಯೂ ದೊಡ್ಡದಾಗಿ ಕಾಣುತ್ತದೆ. ಆದರೆ ಮಂಡಿ ನೋವಿರುವವರು, ವಯಸ್ಸಾದವರು ಮನೆಯಲ್ಲಿದ್ದರೆ ಕೂತವರನ್ನು ಎಬ್ಬಿಸುವುದೇ ಒಂದು ಕೆಲಸ. ಅವರಿಗೆ 45ರ ಆಸುಪಾಸು ಎತ್ತರ, ಹಿಡಿದು ಏಳುವುದಕ್ಕೆ ಗಟ್ಟಿಯಾದ ಕೈ ಇರುವ ಕುರ್ಚಿ ಒಂದಾದರೂ ಬೇಕು.

ಮೂರನೆಯದು, ನೋಡಿಕೊಳ್ಳುವ ತಾಳ್ಮೆ. ಎಣ್ಣೆ ಹಚ್ಚಿದ ಮರ, ನೂಲಿನ ಸೀಟು, ಬೆತ್ತ, ಮಾರ್ಬಲ್ ಇವೆಲ್ಲ ಆಗಾಗ ಗಮನ ಕೇಳುತ್ತವೆ. ಒದ್ದೆ ಲೋಟ ಇಟ್ಟ ಗುರುತು ಕಂಡರೆ ನಿಮಗೆ ನಿದ್ದೆ ಬರುವುದಿಲ್ಲ ಅಂದರೆ ಮೊದಲೇ ಗಟ್ಟಿ ಪಾಲಿಶ್ ಅಥವಾ ಲ್ಯಾಮಿನೇಟ್ ಕಡೆ ಹೋಗಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆ ಕಾಲದ ಮನೆಗಳಲ್ಲೂ ಲ್ಯಾಮಿನೇಟ್ ಮೇಜುಗಳು ಧಾರಾಳವಾಗಿ ಇದ್ದವು.

ಇನ್ನು ಜಾಗ. ಓಡಾಡುವ ದಾರಿಗೆ 75–90 ಸೆಂಟಿಮೀಟರ್, ಸೋಫಾಕ್ಕೂ ಟೀಪಾಯಿಗೂ ನಡುವೆ 40–45, ಊಟದ ಕುರ್ಚಿ ಹಿಂದಕ್ಕೆ ಎಳೆದು ಏಳುವುದಕ್ಕೆ ಮೇಜಿನ ಅಂಚಿನಿಂದ ಕನಿಷ್ಠ 75. ಇಷ್ಟು ಇಟ್ಟುಕೊಂಡು ಹಳೆಯ ಪೇಪರ್ ತಂದು ಸೋಫಾದ ಅಳತೆಗೆ ನೆಲದ ಮೇಲೆ ಹರಡಿ, ಅಂಚಿಗೆ ಟೇಪ್ ಅಂಟಿಸಿ. ಎರಡು ದಿನ ಅದರ ಸುತ್ತ ಓಡಾಡಿ. ಬಾಲ್ಕನಿ ಬಾಗಿಲು ತೆರೆಯುವಾಗ ಪೇಪರ್ ಹರಿದರೆ ಆ ಸೋಫಾ ಬೇಡ, ಅಷ್ಟೇ.

ಕೊನೆಗೆ ದುಡ್ಡು ಮತ್ತು ಕಾಲ. ಈ ಮನೆಯಲ್ಲಿ ಎಷ್ಟು ವರ್ಷ ಇರುತ್ತೀರಿ? ಎರಡು ವರ್ಷಕ್ಕೆ ಮನೆ ಬದಲಾಯಿಸುವವರ ಲೆಕ್ಕವೇ ಬೇರೆ, ಸ್ವಂತ ಮನೆಯವರ ಲೆಕ್ಕವೇ ಬೇರೆ.

ಅಮೆರಿಕದ ದಾರಿ: ವಾಲ್‌ನಟ್, ಚರ್ಮ, ಬಾಗಿದ ಪ್ಲೈವುಡ್

ಇದರ ಮುಖ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್. ಎರಡನೇ ಮಹಾಯುದ್ಧದ ಸಮಯದಲ್ಲಿ ಅಮೆರಿಕದ ನೌಕಾಪಡೆಗೆ, ಕಾಲಿಗೆ ಪೆಟ್ಟಾದವರಿಗೆ ಕಟ್ಟುವ ಪ್ಲೈವುಡ್ ಪಟ್ಟಿಗಳನ್ನು ಮಾಡಿಕೊಟ್ಟವರು ಇವರು. ಪ್ಲೈವುಡ್ಡನ್ನು ಮೈಯ ಆಕಾರಕ್ಕೆ ಬಗ್ಗಿಸುವ ಆ ಅನುಭವ ನೇರವಾಗಿ ಕುರ್ಚಿಗೆ ಬಂತು. 1956ರಲ್ಲಿ ಬಂದ ಅವರ ಲೌಂಜ್ ಕುರ್ಚಿಯನ್ನು ನೀವು ಹೆಸರು ಗೊತ್ತಿಲ್ಲದೆಯೂ ನೋಡಿರುತ್ತೀರಿ. ಅಗಲವಾದ ಚರ್ಮದ ಕುಶನ್, ಹಿಂದೆ ಬಾಗಿದ ಮರದ ಚಿಪ್ಪು, ಮುಂದೆ ಕಾಲು ಚಾಚಲು ಬೇರೆ ಸ್ಟೂಲ್.

ಓದುವವರಿಗೆ, ಹಾಡು ಕೇಳುವವರಿಗೆ, ಒಬ್ಬರೇ ಕೂತು ಸಂಜೆ ಕಳೆಯುವವರಿಗೆ ಇಂಥ ಕುರ್ಚಿ ನಿಜಕ್ಕೂ ಸುಖ. ಆದರೆ ಎರಡು ತೊಡಕು. ಸ್ಟೂಲ್ ಸೇರಿ ಒಂದೂವರೆ ಮೀಟರ್‌ಗೂ ಹೆಚ್ಚು ಉದ್ದದ ನೆಲ ಬೇಕು. ಸಣ್ಣ ಹಾಲ್‌ನಲ್ಲಿ ಅದೊಂದೇ ಕುರ್ಚಿ ಇಡೀ ಕೋಣೆಗೆ ಯಜಮಾನ ಆಗಿಬಿಡುತ್ತದೆ. ಜೊತೆಗೆ, ಹಿಂದಕ್ಕೆ ವಾಲಿದ ಭಂಗಿ ಬದಲಾಗುವುದಿಲ್ಲ, ಅದರಲ್ಲಿ ಕೂತು ಲ್ಯಾಪ್‌ಟಾಪ್ ಕೆಲಸ ಮಾಡುತ್ತೇನೆ ಅಂದುಕೊಂಡಿದ್ದರೆ ಮರೆತುಬಿಡಿ.

ವಾಲ್‌ನಟ್, ಅಂದರೆ ಅಕ್ರೋಟ್ ಮರದ ಬಣ್ಣ ಗಾಢ, ಕೋಣೆಗೆ ತೂಕ ಕೊಡುತ್ತದೆ. ಬಿಸಿಲು ನೇರ ಬೀಳುವ ಕಡೆ ಇಟ್ಟರೆ ವರ್ಷಗಳು ಹೋದಂತೆ ಬಣ್ಣ ತಿಳಿಯಾಗುತ್ತದೆ. ಮೇಲೆ ಟ್ರೇ ಇಟ್ಟಲ್ಲೇ ಇಟ್ಟಿದ್ದರೆ ಅದರ ಕೆಳಗೆ ಮಾತ್ರ ಗಾಢವಾದ ಚೌಕ ಉಳಿಯುತ್ತದೆ, ನೋಡಿ. ಬೆಳಕು ಕಮ್ಮಿ ಇರುವ ಫ್ಲ್ಯಾಟ್‌ನಲ್ಲಿ ವಾಲ್‌ನಟ್ ಜೊತೆ ಕಪ್ಪು ಚರ್ಮವೂ ಸೇರಿದರೆ ಮನೆ ಹಗಲಲ್ಲೇ ಮಂಕು ಹಿಡಿಯುತ್ತದೆ. ಕಂದು ಚರ್ಮ ಅಥವಾ ಬಟ್ಟೆ ಆಗ ವಾಸಿ. ಬೆಕ್ಕು ಸಾಕಿದವರು ಚರ್ಮದ ವಿಚಾರದಲ್ಲಿ ಇನ್ನೊಮ್ಮೆ ಯೋಚಿಸಲಿ, ಉಗುರಿನ ಗೀರು ಚರ್ಮದ ಮೇಲೆ ಹೋಗುವುದಿಲ್ಲ.

ಡೆನ್ಮಾರ್ಕ್, ಸ್ವೀಡನ್ ದಾರಿ: ತೇಗ, ಓಕ್, ಉಣ್ಣೆ, ನೂಲು

ಬೆಚ್ಚಗಿರಬೇಕು, ದಿನಾ ಬಳಸಬೇಕು, ಜಾಗ ಕಮ್ಮಿ ಅನ್ನುವ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಕಾರಣ ಸರಳ. ಈ ದಾರಿಯ ಸಾಮಾನು ಸಣ್ಣದು, ಹಗುರ, ಕಾಲುಗಳು ತೆಳು, ಕೆಳಗೆ ನೆಲ ಕಾಣುತ್ತದೆ, ಪೊರಕೆಯೂ ಹೋಗುತ್ತದೆ. ಒಂದೇ ಕೈಯಲ್ಲಿ ಎತ್ತಿ ಕುರ್ಚಿ ಕಿಟಕಿ ಹತ್ತಿರ ಇಡಬಹುದು.

ಡೆನ್ಮಾರ್ಕಿನ ವಿನ್ಯಾಸಕಾರ ಹಾನ್ಸ್ ವೆಗ್ನರ್ 1949ರಲ್ಲಿ ರೂಪಿಸಿದ ವಿಶ್‌ಬೋನ್ ಕುರ್ಚಿ ತೆಗೆದುಕೊಳ್ಳಿ. ಅದರ ಸೀಟು ಕಾಗದದ ಹುರಿಯಿಂದ ಕೈಯಲ್ಲೇ ಹೆಣೆದದ್ದು, ಒಂದು ಸೀಟಿಗೆ ಸುಮಾರು 120 ಮೀಟರ್ ಹುರಿ ಬೇಕು. ಹತ್ತಿರದಿಂದ ನೋಡಿದರೆ ನಾಲ್ಕು ಮೂಲೆಯಿಂದ ಬಂದ ಸಾಲುಗಳು ನಡುವೆ ಲಕೋಟೆಯ ಹಿಂಬದಿಯಂತೆ ಕೂಡಿಕೊಂಡಿರುತ್ತವೆ. ಒರಗು ಮತ್ತು ಕೈ ಎರಡೂ ಒಂದೇ ಬಾಗಿದ ಮರದಲ್ಲಿ ಬಂದಿರುವುದರಿಂದ ಪಕ್ಕಕ್ಕೆ ತಿರುಗಿಯೂ ಕೂರಬಹುದು. ಊಟ ಮುಗಿದ ಮೇಲೂ ಗಂಟೆಗಟ್ಟಲೆ ಹರಟುವವರಿಗೆ ಇದು ಮುಖ್ಯ. ತೊಡಕು ಏನು ಅಂದರೆ ಸಾರು, ಎಣ್ಣೆ ಚೆಲ್ಲಿದರೆ ಹುರಿ ಕಲೆ ಹಿಡಿಯುತ್ತದೆ, ಪೂರ್ತಿ ತೊಳೆಯಲು ಆಗುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಗೆ ಮರದ ಸೀಟೇ ಸರಿ. ಆರ್ನೆ ಯಾಕೋಬ್ಸನ್ 1955ರಲ್ಲಿ ಮಾಡಿದ ಸೀರೀಸ್ 7 ಕುರ್ಚಿ ಆ ಥರದ್ದು: ಒತ್ತಿ ಬಗ್ಗಿಸಿದ ಪ್ಲೈವುಡ್ ಚಿಪ್ಪು, ತೆಳು ಸ್ಟೀಲ್ ಕಾಲು, ಒಂದರ ಮೇಲೊಂದು ಪೇರಿಸಿಡಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಎರಡು ಗಂಟೆಗೂ ಹೆಚ್ಚು ಕೂರಬೇಕಾದರೆ ಮಾತ್ರ ತೆಳು ಕುಶನ್ ಬೇಕಾಗುತ್ತದೆ.

ಗೋಡೆಗೆ ಈ ದಾರಿಯಲ್ಲಿ ಒಳ್ಳೆಯ ಉತ್ತರ ಇದೆ. ಸ್ವೀಡನ್ನಿನ ನಿಸ್ಸೆ ಸ್ಟ್ರಿನ್ನಿಂಗ್ 1949ರಲ್ಲಿ ಮಾಡಿದ ಸ್ಟ್ರಿಂಗ್ ಶೆಲ್ಫ್, ತಂತಿಯ ಏಣಿಯಂಥ ಎರಡು ಬದಿಗಳು, ನಡುವೆ ಸಿಕ್ಕಿಸುವ ಹಲಗೆಗಳು. ಪುಸ್ತಕ ಜಾಸ್ತಿಯಾದರೆ ಇನ್ನೊಂದು ಏಣಿ ಸೇರಿಸಿದರಾಯಿತು. ಮನೆ ಬದಲಾಯಿಸುವಾಗ ಬಿಚ್ಚಿ ಕಟ್ಟಿಕೊಂಡು ಹೋಗಬಹುದು. ನೆಲ ಬಿಟ್ಟು ಗೋಡೆಯ ಮೇಲೆ ಹೋಗುವುದರಿಂದ ಸಣ್ಣ ಕೋಣೆ ಉಸಿರಾಡುತ್ತದೆ. ಗೋಡೆ ಕೊರೆಯುವ ಹಾಗಿಲ್ಲ ಅನ್ನುವವರಿಗೆ ನೆಲದ ಮೇಲೆ ನಿಲ್ಲುವ ಬದಿಗಳೂ ಇವೆ.

ತೇಗ ಮತ್ತು ಬೆತ್ತ

ಸೆಕೆ ಜಾಸ್ತಿ ಇರುವ ಕಡೆ ಉಣ್ಣೆ, ಚರ್ಮ ಎರಡೂ ಬೆನ್ನಿಗೆ ಅಂಟುತ್ತವೆ. ಅಲ್ಲಿ ಬೆತ್ತಕ್ಕೆ ಸಾಟಿ ಇಲ್ಲ, ಗಾಳಿ ಆಡುತ್ತದೆ. 1950ರ ದಶಕದಲ್ಲಿ ಚಂಡೀಗಢದ ಕಚೇರಿಗಳಿಗಾಗಿ ವಾಸ್ತುಶಿಲ್ಪಿ ಪಿಯೆರ್ ಜಾನ್ನರೆ ಮತ್ತು ಅವರ ಜೊತೆಯವರು ರೂಪಿಸಿದ ಕುರ್ಚಿಗಳು ಇದಕ್ಕೆ ಹೆಸರಾದವು: ತಲೆಕೆಳಗಾದ ವಿ ಆಕಾರದ ದಪ್ಪ ತೇಗದ ಕಾಲು, ಬೆತ್ತದ ಸೀಟು, ಬೆತ್ತದ ಒರಗು. ಒಂದು ಕಾಲಕ್ಕೆ ಗುಜರಿಗೆ ಹೋಗುತ್ತಿದ್ದ ಅವೇ ಕುರ್ಚಿಗಳು ಆಮೇಲೆ ವಿದೇಶದ ಹರಾಜುಗಳಲ್ಲಿ ಭಾರೀ ಬೆಲೆಗೆ ಹೋದವು. ಅಸಲಿ ಅಂತ ಮಾರುವ ನಕಲಿಯೂ ಅಷ್ಟೇ ಇದೆ. ಹಾಗಾಗಿ ಈ ದಾರಿಯಲ್ಲಿ ಅಸಲಿಯ ಹಿಂದೆ ಬೀಳಬೇಡಿ ಅನ್ನುತ್ತೇನೆ. ಕೈ ಪಳಗಿದ ಬಡಗಿಯಿಂದ ಆ ಸ್ವಭಾವದ ಕುರ್ಚಿ ಮಾಡಿಸಿಕೊಳ್ಳುವುದು ಎಲ್ಲ ರೀತಿಯಲ್ಲೂ ಜಾಣತನ, ಎತ್ತರವನ್ನೂ ನಿಮ್ಮ ಮಂಡಿಗೆ ತಕ್ಕಂತೆ ಹೇಳಬಹುದು.

ಬೆತ್ತ ಜೋತುಬಿದ್ದರೆ ಗಾಬರಿ ಬೇಡ. ಕುರ್ಚಿ ಬೋರಲು ಹಾಕಿ, ಸೀಟಿನ ಅಡಿಭಾಗಕ್ಕೆ ಬೆಚ್ಚನೆ ನೀರಿನಲ್ಲಿ ಅದ್ದಿದ ಬಟ್ಟೆ ಹಾಕಿ ಚೆನ್ನಾಗಿ ನೆನೆಸಿ, ನೆರಳಲ್ಲಿ ಒಣಗಲು ಬಿಡಿ. ಒಣಗುತ್ತಾ ಬೆತ್ತ ಬಿಗಿಯಾಗುತ್ತದೆ. ಹರಿದಿದ್ದರೆ ಈ ಉಪಾಯ ನಡೆಯುವುದಿಲ್ಲ, ಹೊಸದಾಗಿಯೇ ಹೆಣೆಸಬೇಕು. ತೇವ ಹೆಚ್ಚಿರುವ ಮೂಲೆಯಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ, ತೀರಾ ಒಣಗಿದ ಗಾಳಿಯಲ್ಲಿ ಸೀಳುತ್ತದೆ. ಸೀಟಿನ ಮೇಲೆ ಮಂಡಿಯೂರಿ ಹತ್ತುವ ಮಕ್ಕಳಿದ್ದರೆ ಕೆಲವು ವರ್ಷ ಕಾಯಿರಿ.

ಬಿಳಿ ದುಂಡು ಮೇಜಿನ ದಾರಿ

ಅಮೆರಿಕದ ವಾಸ್ತುಶಿಲ್ಪಿ ಏರೋ ಸಾರಿನೆನ್‌ಗೆ ಮೇಜು ಕುರ್ಚಿಗಳ ಕೆಳಗಿನ ಕಾಲುಗಳ ಗಲಾಟೆ ಕಂಡರೆ ಆಗುತ್ತಿರಲಿಲ್ಲ. 1957ರ ಟ್ಯೂಲಿಪ್ ಸಾಲಿನಲ್ಲಿ ಎಲ್ಲವನ್ನೂ ಒಂದೇ ಕಂಬದ ಮೇಲೆ ನಿಲ್ಲಿಸಿದ. ಸಣ್ಣ ಫ್ಲ್ಯಾಟ್‌ನ ಊಟದ ಜಾಗಕ್ಕೆ ಇದರಷ್ಟು ಉಪಯೋಗದ ಆಕಾರ ಇನ್ನೊಂದಿಲ್ಲ. ಮೂಲೆ ಇಲ್ಲ, ಸೊಂಟಕ್ಕೆ ಬಡಿಯುವುದಿಲ್ಲ, ಮೇಜಿನ ಕಾಲು ಮಂಡಿಗೆ ತಾಗುವುದಿಲ್ಲ, ನಾಲ್ವರ ಜಾಗದಲ್ಲಿ ಐವರು ಹಿಡಿಸುತ್ತಾರೆ. ಮೇಲ್ಮೈ ಮಾರ್ಬಲ್ ಆದರೆ ನಿಂಬೆ, ವಿನೆಗರ್, ವೈನ್ ಬಿದ್ದ ಕಡೆ ಹೊಳಪು ಹೋಗಿ ಗುರುತು ಉಳಿಯುತ್ತದೆ, ಲ್ಯಾಮಿನೇಟ್ ಆದರೆ ತಲೆನೋವಿಲ್ಲ.

ಆದರೆ ಇಡೀ ಮನೆಯನ್ನು ಈ ದಾರಿಯಲ್ಲಿ ಮಾಡಬೇಡಿ. ಬಿಳಿ ಪ್ಲಾಸ್ಟಿಕ್, ಗಾಜು, ಲೋಹ ಅಷ್ಟೇ ತುಂಬಿದ ಕೋಣೆ ಫೋಟೊಗೆ ಚೆನ್ನ, ಸಂಜೆ ಹೊತ್ತು ತಣ್ಣಗೆ ಅನ್ನಿಸುತ್ತದೆ, ಮಾತಾಡಿದರೆ ಪ್ರತಿಧ್ವನಿ ಬರುತ್ತದೆ. ದುಂಡು ಮೇಜು ಒಂದು, ಸುತ್ತ ಮರದ ಕುರ್ಚಿಗಳು. ಅಷ್ಟು ಸಾಕು.

ಹಳೆಯದು, ಹೊಸದು, ನಕಲು, ಮಾಡಿಸಿದ್ದು

ಯಾವ ದಾರಿ ಅಂತ ತೀರ್ಮಾನವಾದ ಮೇಲೆ ಬರುವ ಪ್ರಶ್ನೆ ಎಲ್ಲಿಂದ ತರುವುದು ಅಂತ. ಜನ ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆ ಕಾಲದ್ದೇ ಹಳೆಯ ಸಾಮಾನು. ಹೆಸರಿಲ್ಲದ ಕಾರ್ಖಾನೆಯ ಕಪಾಟು, ಡ್ರಾಯರ್, ಪಕ್ಕದ ಮೇಜು ಇವು ಹಳೆಯದರಲ್ಲೇ ಒಳ್ಳೆಯ ವ್ಯಾಪಾರ. ಅಷ್ಟೇ ಬೆಲೆಗೆ ಹೊಸದರಲ್ಲಿ ಅಂಥ ಮರ ಸಿಗುವುದು ಕಷ್ಟ. ಹೋದಾಗ ಮೊದಲು ಡ್ರಾಯರ್ ಪೂರ್ತಿ ಹೊರಗೆಳೆದು ಮೂಲೆ ನೋಡಿ, ಮರಕ್ಕೆ ಮರ ಹಲ್ಲು ಕಚ್ಚಿಸಿ ಕೂಡಿಸಿದ್ದರೆ ಒಳ್ಳೆಯ ಲಕ್ಷಣ. ಕುರ್ಚಿಯ ಒರಗು ಹಿಡಿದು ಕರ್ಣಕ್ಕೆ ಅಲುಗಾಡಿಸಿ. ಕೀಲು ಸಡಿಲವಾದರೆ ಅಂಟು ಹಾಕಿಸಬಹುದು, ಕಾಲು ಸೀಳಿದ್ದರೆ ಬಿಟ್ಟುಬನ್ನಿ. ಮರದಲ್ಲಿ ಸೂಜಿಮೊನೆಯಷ್ಟು ತೂತುಗಳು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಹುಳು ಇನ್ನೂ ಒಳಗಿದೆ ಅಂತ ಅರ್ಥ. ಮನೆಗೆ ತರಲೇಬೇಡಿ.

ವೆನೀರ್ ವಿಚಾರದಲ್ಲಿ ಎಚ್ಚರ. ಆ ಕಾಲದ ಕಪಾಟುಗಳಲ್ಲಿ ಬಹಳಷ್ಟು ಗಟ್ಟಿ ಮರದವಲ್ಲ, ಮೇಲೆ ಒಂದು ಮಿಲಿಮೀಟರ್‌ಗೂ ತೆಳುವಾದ ಮರದ ಪದರ ಇರುತ್ತದೆ. ಅದು ಕಳಪೆಯೇನೂ ಅಲ್ಲ. ಆದರೆ ಮೆಷಿನ್ ಹಿಡಿದು ಉಜ್ಜಿದರೆ ಕ್ಷಣದಲ್ಲಿ ಪದರ ಹೋಗಿ ಕೆಳಗಿನ ಹಲಗೆ ಕಾಣುತ್ತದೆ, ಆಮೇಲೆ ಏನೂ ಮಾಡಲಾಗುವುದಿಲ್ಲ. ಕಲೆ ಇದ್ದರೆ ಕೈಯಲ್ಲೇ ಹಗುರಾಗಿ, ಮರದ ಎಳೆಯ ದಿಕ್ಕಿನಲ್ಲೇ ಉಜ್ಜಿ ಎಣ್ಣೆ ಹಚ್ಚಿ.

ಹಳೆಯ ಸೋಫಾ, ಲೌಂಜ್ ಕುರ್ಚಿಗಳ ಲೆಕ್ಕ ಬೇರೆ. ಫೋಮ್ ಇಷ್ಟು ವರ್ಷಕ್ಕೆ ಪುಡಿಯಾಗಿರುತ್ತದೆ, ಕುಶನ್ ತಟ್ಟಿದರೆ ಹಳದಿ ಪುಡಿ ಉದುರುತ್ತದೆ. ಸೀಟಿನ ಕೆಳಗಿನ ರಬ್ಬರ್ ಪಟ್ಟಿಗಳು ಒಣಗಿ ಬಿರುಕು ಬಿಟ್ಟಿರುತ್ತವೆ. ಚೌಕಟ್ಟಿನ ಬೆಲೆಯ ಜೊತೆ ಹೊಸ ಫೋಮ್, ಹೊಸ ಬಟ್ಟೆ, ಹೊಸ ಪಟ್ಟಿ, ಕೂಲಿ ಎಲ್ಲ ಕೂಡಿಸಿ ನೋಡಿ. ಎಷ್ಟೋ ಸಲ ಅಗ್ಗ ಅಂದುಕೊಂಡದ್ದು ಹೊಸದಕ್ಕಿಂತ ದುಬಾರಿ ಬೀಳುತ್ತದೆ. ಬ್ರೆಜಿಲ್ ಬೀಟೆಯ ಸಾಮಾನು ಕೊಳ್ಳುವವರಿಗೆ ಇನ್ನೊಂದು ಮಾತು: 1992ರಿಂದ ಆ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುನಿಟ್ಟಿನ ನಿರ್ಬಂಧ ಇದೆ. ಬೇರೆ ದೇಶದಿಂದ ತರಿಸುವುದಾದರೆ ಕಾಗದಪತ್ರ ನೋಡದೆ ದುಡ್ಡು ಕೊಡಬೇಡಿ.

ಮೂಲ ವಿನ್ಯಾಸದ ಹಕ್ಕು ಪಡೆದ ಕಂಪನಿಗಳು ಈಗಲೂ ಮಾಡುವ ಹೊಸ ಸಾಮಾನು ಬಲು ದುಬಾರಿ. ಬದಲಿಗೆ ಸಿಗುವುದು ಸರಿಯಾದ ಅಳತೆ, ಬಿಡಿ ಭಾಗ, ಮರುಮಾರಾಟದ ಬೆಲೆ. ದಿನಕ್ಕೆ ಎರಡು ಮೂರು ಗಂಟೆ ಬಳಸುವ ಒಂದು ವಸ್ತುವಿಗೆ ಇಷ್ಟು ಖರ್ಚು ಮಾಡುವುದು ತಪ್ಪಲ್ಲ. ಅತಿಥಿ ಬಂದಾಗ ಮಾತ್ರ ಕೂರುವ ಕುರ್ಚಿಗೆ ಸುಮ್ನೆ ದಂಡ.

ನಕಲುಗಳ ಗುಣಮಟ್ಟ ಭಾರೀ ಹೆಚ್ಚುಕಮ್ಮಿ. ಫೋಟೊದಲ್ಲಿ ಒಂದೇ ಥರ ಕಾಣುತ್ತವೆ, ಆದರೆ ಕೋನ ಒಂದೆರಡು ಡಿಗ್ರಿ ಬದಲಾದರೂ ಬೆನ್ನಿಗೆ ಗೊತ್ತಾಗುತ್ತದೆ. ಕೂತು ನೋಡದೆ ಲೌಂಜ್ ಕುರ್ಚಿಯ ನಕಲು ತರಿಸಬೇಡಿ. ಟೀಪಾಯಿ, ಬೆಂಚು, ಸ್ಟೂಲ್, ಶೆಲ್ಫ್ ಇವುಗಳಲ್ಲಿ ಮೈಗೆ ಅಷ್ಟು ಸಂಬಂಧ ಇಲ್ಲ, ಹೆಸರಾಂತ ಒಂದನ್ನೇ ಅಚ್ಚೊತ್ತಿದ ನಕಲಿಗಿಂತ ಆ ಕಾಲದ ಗುಣ ಇರುವ ಬೇರೆ ಸಾಮಾನು ನನಗೆ ಇಷ್ಟ. ಬಡಗಿಯಿಂದ ಮಾಡಿಸುವವರು ಒಂದು ನೆನಪಿಡಿ. ನೇರ ಗೆರೆಯ ಕಪಾಟು, ಮಂಚ, ಪುಸ್ತಕದ ಗೂಡು ಚೆನ್ನಾಗಿ ಬರುತ್ತವೆ. ಅಚ್ಚಿನಲ್ಲಿ ಒತ್ತಿ ಬಗ್ಗಿಸುವ ಪ್ಲೈವುಡ್ ಕುರ್ಚಿಗೆ ಕಾರ್ಖಾನೆಯೇ ಬೇಕು, ಬಡಗಿಗೆ ಒತ್ತಾಯ ಮಾಡಬೇಡಿ.

ಬೆಳಕಿಗೆ ಮೊದಲ ಖರ್ಚು

ಬಜೆಟ್ ಎಷ್ಟೇ ಇರಲಿ, ನಾನಾದರೆ ಮೊದಲು ದೀಪಕ್ಕೇ ಖರ್ಚು ಮಾಡುತ್ತೇನೆ. ಚಾವಣಿಯ ಮಧ್ಯದ ಒಂದೇ ಬಿಳಿ ಟ್ಯೂಬ್‌ಲೈಟಿನ ಕೆಳಗೆ ಎಂಥ ತೇಗವೂ ಕಳೆಗೆಡುತ್ತದೆ. ಒಂದು ಕೋಣೆಗೆ ಮೂರು ಬೆಳಕು ಇಡಿ, ಮೂರೂ ಬೇರೆ ಬೇರೆ ಎತ್ತರದಲ್ಲಿ. ಬಲ್ಬ್ 2700 ಕೆಲ್ವಿನ್, ಅಂದರೆ ಬೆಚ್ಚನೆಯ ಹಳದಿ ಬೆಳಕಿನದಾಗಿರಲಿ; ಡಬ್ಬದ ಮೇಲಿನ ಸಿಆರ್‌ಐ, ಅಂದರೆ ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಅನ್ನುವ ಅಂಕ, 90ಕ್ಕಿಂತ ಹೆಚ್ಚಿರಲಿ. ಆಗ ಮರ ಮರದ ಬಣ್ಣದಲ್ಲೇ ಕಾಣುತ್ತದೆ.

ಊಟದ ಮೇಜಿನ ಮೇಲೆ ಪೌಲ್ ಹೆನ್ನಿಂಗ್‌ಸೆನ್ 1958ರಲ್ಲಿ ಮಾಡಿದ ಪಿಎಚ್ 5 ಥರದ ದೀಪ. ಹಲವು ತಟ್ಟೆಗಳು ಬಲ್ಬನ್ನು ಎಲ್ಲ ಕಡೆಯಿಂದ ಮರೆಮಾಡುವುದರಿಂದ ಕಣ್ಣಿಗೆ ಕುಕ್ಕುವುದಿಲ್ಲ, ಬೆಳಕು ಮೇಜಿನ ಮೇಲೆ ಹರಡುತ್ತದೆ. ಇದನ್ನು ಮೇಜಿನಿಂದ 60 ಸೆಂಟಿಮೀಟರ್ ಎತ್ತರಕ್ಕೆ ಇಳಿಬಿಡಬೇಕು. ಜನ ಎತ್ತರಕ್ಕೆ ಕಟ್ಟಿಬಿಡುತ್ತಾರೆ, ಆಗ ಅದರ ಅರ್ಧ ಗುಣ ಹೋಯಿತು. ಆದರೆ ಮೇಜನ್ನು ಆಗಾಗ ಸರಿಸುವವರಿಗೆ ಇಂಥ ದೀಪ ಬೇಡ, ನಿಂತವರ ತಲೆಗೆ ತಾಗುತ್ತದೆ.

ದುಡ್ಡು ಕಮ್ಮಿ ಇದ್ದರೆ ಕಾಗದದ ದೀಪ. ಇಸಾಮು ನೊಗುಚಿ 1951ರಿಂದ ಜಪಾನಿನ ಗಿಫು ಊರಿನ ಕುಶಲಕರ್ಮಿಗಳ ಜೊತೆ ಮಾಡಿದ ಅಕಾರಿ ದೀಪಗಳು ಈ ಸಾಲಿನವು, ಸಾಧಾರಣ ದುಂಡು ಕಾಗದದ ದೀಪವೂ ಆ ಮೃದು ಬೆಳಕಿನ ಹತ್ತಿರ ಬರುತ್ತದೆ. ಧೂಳು ಕೂರುತ್ತದೆ, ಹರಿಯುತ್ತದೆ, ಕೆಲವು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಅಡುಗೆ ಹೊಗೆ ಬರುವ ತೆರೆದ ಹಾಲ್‌ಗೆ ಇದು ಆಗುವುದಿಲ್ಲ. ಅಲ್ಲಿ ಜಾರ್ಜ್ ನೆಲ್ಸನ್‌ನ ಬಬಲ್ ದೀಪದ ಥರದ್ದು, ತಂತಿಯ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಸಿಂಪಡಿಸಿ ಮಾಡಿದ್ದು, ಬಾಳಿಕೆ ಬರುತ್ತದೆ.

ಟಿವಿ ಎಲ್ಲಿ?

ಯಾರೂ ಮೊದಲು ಯೋಚಿಸುವುದಿಲ್ಲ, ಆಮೇಲೆ ಕತ್ತು ನೋವು ಅನ್ನುತ್ತಾರೆ. ಆ ಕಾಲದ ಉದ್ದನೆಯ ಕಪಾಟಿನ ಎತ್ತರ ಹೆಚ್ಚಾಗಿ 75–80 ಸೆಂಟಿಮೀಟರ್. ಅದರ ಮೇಲೆ 55 ಇಂಚಿನ ಟಿವಿ ಇಟ್ಟರೆ ಪರದೆಯ ನಡುಭಾಗ ನೆಲದಿಂದ 115ರ ಮೇಲೆ ಹೋಗುತ್ತದೆ. 38 ಸೆಂಟಿಮೀಟರ್ ಎತ್ತರದ ಸೋಫಾದಲ್ಲಿ ಒರಗಿ ಕೂತವರ ಕಣ್ಣು ಅದಕ್ಕಿಂತ ಸಾಕಷ್ಟು ಕೆಳಗಿರುತ್ತದೆ. ಪ್ರತಿ ರಾತ್ರಿ ತಲೆ ಎತ್ತಿ ನೋಡಬೇಕು. ಟಿವಿ ಜಾಸ್ತಿ ನೋಡುವ ಮನೆಗೆ 45–50 ಸೆಂಟಿಮೀಟರ್ ಎತ್ತರದ ಬೆಂಚು ಥರದ್ದೇ ಸರಿ. ಚೆಂದದ ಕಪಾಟನ್ನು ಊಟದ ಜಾಗಕ್ಕೆ ತಳ್ಳಿ, ತಟ್ಟೆ ಲೋಟ ಇಡಲು ಅದಕ್ಕಿಂತ ಒಳ್ಳೆಯ ಎತ್ತರ ಇಲ್ಲ. ವೈರು ಹೋಗಲು ಹಳೆಯ ಕಪಾಟಿನ ಹಿಂಬದಿ ತೂತು ಕೊರೆಯುವ ಪಾಪವೂ ತಪ್ಪುತ್ತದೆ.

ಹಾಗಾದರೆ ಯಾರಿಗೆ ಯಾವುದು

ಒಬ್ಬರೇ ಇದ್ದು ಓದು, ಸಂಗೀತ ಅಂತ ಇರುವವರು ಒಂದು ಒಳ್ಳೆಯ ಲೌಂಜ್ ಕುರ್ಚಿಗೆ ದುಡ್ಡು ಹಾಕಿ, ಸೋಫಾ ಚಿಕ್ಕದಾಗಿರಲಿ, ಇಲ್ಲದಿದ್ದರೂ ನಡೆಯುತ್ತದೆ. ಮನೆಯಿಂದಲೇ ಕೆಲಸ ಮಾಡುವವರು ದಯವಿಟ್ಟು ಕೆಲಸದ ಕುರ್ಚಿಯಲ್ಲಿ ಶೈಲಿ ನೋಡಬೇಡಿ. ಎತ್ತರ ಬದಲಾಗುವ ಈ ಕಾಲದ ಕುರ್ಚಿಯನ್ನೇ ತನ್ನಿ, ಬೂದು ಅಥವಾ ಕಂದು ಬಟ್ಟೆಯದು ತಂದರೆ ತೇಗದ ಮೇಜಿನ ಜೊತೆ ಹೊಂದಿಕೊಳ್ಳುತ್ತದೆ. ಆ ಕಾಲದ ಮೇಜುಗಳು ಚೆಂದ, ಆದರೆ ಆಳ ಕಮ್ಮಿ, ಎರಡು ಮಾನಿಟರ್ ಇಡುವವರು ಅಳೆದು ತನ್ನಿ.

ಮಕ್ಕಳು, ನಾಯಿ ಇರುವ ಮನೆಗೆ ಹೊದಿಕೆ ತೆಗೆದು ಒಗೆಯಬಹುದಾದ ಸೋಫಾ, ಪ್ಲೈವುಡ್ ಚಿಪ್ಪಿನ ಕುರ್ಚಿ, ಲ್ಯಾಮಿನೇಟ್ ಮೇಲ್ಮೈಯ ದುಂಡು ಮೇಜು. ನೊಗುಚಿಯ ಗಾಜಿನ ಟೀಪಾಯಿಯ ಆಸೆ ಸದ್ಯಕ್ಕೆ ಬಿಡಿ. ಬಟ್ಟೆ ಗಾಢ ಸಾಸಿವೆ ಬಣ್ಣ, ಆಲಿವ್ ಹಸಿರು ಅಥವಾ ಇಟ್ಟಿಗೆ ಕೆಂಪು ಇದ್ದರೆ ಕಲೆಯೂ ಮರೆಯಾಗುತ್ತದೆ, ಕಾಲಕ್ಕೂ ಒಪ್ಪುತ್ತದೆ. ಜನ ಸೇರಿಸುವ ಅಭ್ಯಾಸದವರು ದೊಡ್ಡ ಸೋಫಾ ಒಂದರ ಬದಲು ಎರಡು ಆಸನದ ಸೋಫಾ, ಎತ್ತಿಡಬಹುದಾದ ಎರಡು ಹಗುರ ಕುರ್ಚಿ ಇಟ್ಟುಕೊಳ್ಳಿ. ಎಲ್ಲರೂ ಸಾಲಾಗಿ ಗೋಡೆಗೆ ಒರಗಿ ಕೂತರೆ ಮಾತು ಹೇಗೆ ಸಾಗುತ್ತದೆ, ಅಲ್ವಾ?

ಬಜೆಟ್ ಬಿಗಿ ಇರುವವರ ಕ್ರಮ ನನ್ನ ಪ್ರಕಾರ ಹೀಗೆ: ದೀಪ, ದಪ್ಪ ಪರದೆ, ಸೋಫಾದ ಮುಂಗಾಲು ಮೇಲೆ ಬರುವಷ್ಟು ದೊಡ್ಡ ಕಾರ್ಪೆಟ್, ಆಮೇಲೆ ಹಳೆಯ ಕಪಾಟು, ಕೊನೆಗೆ ಸೋಫಾ. ಹಳೆ ಸೋಫಾದ ಮೇಲೊಂದು ಉಣ್ಣೆ ಹೊದಿಕೆ ಹಾಕಿ ಒಂದು ವರ್ಷ ತಳ್ಳಬಹುದು. ಸಣ್ಣ ಕಾರ್ಪೆಟ್ ತಂದು ಕೋಣೆಯ ನಡುವೆ ಒಂಟಿಯಾಗಿ ಹಾಕುವುದಕ್ಕಿಂತ ಹಾಕದಿರುವುದೇ ವಾಸಿ.

ನಿಜವಾಗಿಯೂ 1950–60ರ ದಶಕದ ಕಟ್ಟಡದಲ್ಲೇ ಫ್ಲ್ಯಾಟ್ ಸಿಕ್ಕಿದವರಿಗೆ ಅದೃಷ್ಟದ ಜೊತೆ ಸ್ವಲ್ಪ ಕೆಲಸವೂ ಇದೆ. ಎಷ್ಟೋ ಕಟ್ಟಡಗಳ ಚಾವಣಿ ತಗ್ಗು. ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಫ್ರಾನ್ಸಿನ ಮಾರ್ಸೆಯಲ್ಲಿ ಕಟ್ಟಿ 1952ರಲ್ಲಿ ಮುಗಿಸಿದ ವಸತಿ ಕಟ್ಟಡದಲ್ಲಿ ಹೆಚ್ಚಿನ ಕೋಣೆಗಳ ಎತ್ತರ 2.26 ಮೀಟರ್ ಮಾತ್ರ. ಇಂಥ ಕಡೆ ಗಿಡ್ಡ ಸಾಮಾನೇ ಒಪ್ಪುತ್ತದೆ, ಎತ್ತರದ ಬೀರು ತಂದರೆ ಚಾವಣಿ ತಲೆ ಮೇಲೆ ಬಿದ್ದ ಹಾಗಾಗುತ್ತದೆ. ಮರದ ನೆಲ, ಗೋಡೆಯೊಳಗಿನ ಕಪಾಟು ಉಳಿದಿದ್ದರೆ ಕೀಳಬೇಡಿ, ಪಾಲಿಶ್ ಮಾಡಿಸಿ. ನೆಲಕ್ಕೆ ಆ ಕಾಲದ ವಿನೈಲ್ ಟೈಲ್ ಇದ್ದರೆ ಮಾತ್ರ ಉಜ್ಜಬೇಡಿ, ಒಡೆಯಬೇಡಿ. ಅವುಗಳಲ್ಲಿ, ಕೆಳಗಿನ ಅಂಟಿನಲ್ಲೂ, ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಪರೀಕ್ಷೆ ಮಾಡಿಸಿ, ಇಲ್ಲವೇ ಮುಟ್ಟದೆ ಮೇಲೆ ಹೊಸ ನೆಲ ಹಾಸಿ. ವೈರಿಂಗ್ ಹಳೆಯದೇ ಇದ್ದರೆ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಲೋಹದ ಹಳೆಯ ದೀಪ ತಂದು ಸಿಕ್ಕಿಸುವ ಮುಂಚೆ ಅದರ ವೈರನ್ನೂ ಬದಲಾಯಿಸಿ.

ಬಾಡಿಗೆ ಮನೆಯವರು ಗೋಡೆ, ನೆಲಕ್ಕೆ ದುಡ್ಡು ಹಾಕುವ ಬದಲು ಬಿಚ್ಚಿ ಒಯ್ಯುವಂಥದ್ದಕ್ಕೆ ಹಾಕಿ: ನಿಲ್ಲುವ ದೀಪ, ಕಾಲು ಬಿಚ್ಚಬಹುದಾದ ಮೇಜು, ಹಲಗೆ ಕಳಚುವ ಶೆಲ್ಫ್. ಸೋಫಾ ಕೊಳ್ಳುವ ಮುಂಚೆ ಈಗಿನ ಮನೆಯ ಬಾಗಿಲಿನ ಜೊತೆ ಲಿಫ್ಟಿನ ಬಾಗಿಲು, ಮೆಟ್ಟಿಲಿನ ತಿರುವನ್ನೂ ಅಳೆಯಿರಿ. ಮುಂದಿನ ಮನೆಯ ಅಳತೆ ಗೊತ್ತಿರುವುದಿಲ್ಲವಲ್ಲ, ಆದ್ದರಿಂದ ಎರಡು ಮೀಟರಿಗಿಂತ ಉದ್ದದ್ದು ಬೇಡ, ಕಾಲು ಮತ್ತು ಕೈ ಸ್ಕ್ರೂ ಬಿಚ್ಚಿ ತೆಗೆಯುವಂತಿದ್ದರೆ ಇನ್ನೂ ಒಳ್ಳೆಯದು.